ನೀರಿನ ಮೇಲೆ ನಿಲ್ಲುವ ಹುಳ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗಿಂತ ಮುಂಚೆ ಮಾತಾಡಿದವರಲ್ಲಿ ಡಾಕ್ಟರು ಇದ್ದಾರೆ, ಇಂಜಿನಿಯರು ಇದ್ದಾರೆ, ಬ್ಯಾಂಕಿನ ಮ್ಯಾನೇಜರು ಇದ್ದಾರೆ. ಆಹ್ವಾನ ಪತ್ರಿಕೆಯಲ್ಲಿ ನಿಮ್ಮ ಹೆಸರಿನ ಕೆಳಗೆ ಏನು ಹಾಕೋಣ ಅಂತ ಸಮಿತಿಯವರು ನನ್ನನ್ನು ಕೇಳಿದರು. ಸ್ವಲ್ಪ ಹೊತ್ತು ಯೋಚನೆ ಮಾಡಿ ‘ಹಳೆಯ ವಿದ್ಯಾರ್ಥಿ’ ಅಂತ ಹಾಕಿ ಅಂದೆ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾವೇರಿ ದಡದಲ್ಲಿ, ಗಾಳ ಹಾಕಲು ಬರುತ್ತಿದ್ದ ಅತಿಥಿಗಳ ಚೀಲ ಹೊತ್ತವನು, ತೆಪ್ಪ ಹಾಕಿದವನು. 1986ರಲ್ಲಿ ಇದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಿದೆ. ವಿಜ್ಞಾನದಲ್ಲಿ 28 ಬಂತು. ಪಾಸಿಗೆ 35 ಬೇಕಿತ್ತು. ಆ ಏಳು ಅಂಕದ ವಿಷಯವನ್ನೇ ಇವತ್ತು ಮಾತಾಡುತ್ತೇನೆ.

ನಮ್ಮಪ್ಪ ಶಿಂಷಾ ಹೊಳೆಯಲ್ಲಿ ಬಲೆ ಬೀಸುತ್ತಿದ್ದರು. ಶಾಲೆಯಲ್ಲಿ ನನ್ನ ಅಡ್ಡಹೆಸರು ಏನಿತ್ತು ಅನ್ನುವುದು ನನ್ನ ಬ್ಯಾಚಿನವರಿಗೆಲ್ಲ ಗೊತ್ತು, ಈಗ ಮುಖ ಮುಚ್ಚಿಕೊಂಡು ನಗುತ್ತಿದ್ದಾರೆ. ನಗಲಿ. ಬಲೆ ಅಪ್ಪನದು, ಗಾಳ ನನ್ನದು. ಬಿದಿರಿನ ಕಡ್ಡಿ, ನೈಲಾನ್ ದಾರ, ಒಂದು ಬೆಂಡು. ಬೆಂಡು ಅಂದರೆ ಜೋಳದ ದಂಟಿನ ಒಳಗಿನ ತಿರುಳು, ಇಲ್ಲವೆ ಹರಿದ ಹವಾಯಿ ಚಪ್ಪಲಿಯ ತುಂಡು. ಮಾವಿನ ತೋಪಿನಲ್ಲಿ ಬಿದ್ದಿದ್ದ ನವಿಲುಗರಿ ಸಿಕ್ಕಿತೋ, ಅದರ ಕಡ್ಡಿಯಷ್ಟು ಒಳ್ಳೆಯ ಬೆಂಡು ಇನ್ನೊಂದಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಆರ್ಕಿಮಿಡೀಸನ ತತ್ವ ಹೇಳಿಕೊಡುತ್ತಾ ಒಂದು ಪ್ರಶ್ನೆ ಹಾಕಿದರು. ಅವರ ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ‘ಒಂದು ಕಡ್ಡಿ ನೀರಿನಲ್ಲಿ ಮಲಗಿಕೊಂಡು ತೇಲುತ್ತದೆ. ಅದು ನೆಟ್ಟಗೆ ನಿಂತು ತೇಲಬೇಕಾದರೆ ಏನು ಮಾಡಬೇಕು?’ ಇಡೀ ಕ್ಲಾಸು ಸುಮ್ಮನಿತ್ತು. ನಾನು ಎದ್ದು ‘ಬುಡಕ್ಕೆ ಸೀಸ ಕಟ್ಟಬೇಕು ಸಾ’ ಅಂದೆ. ಎಲ್ಲರೂ ಗೊಳ್ಳಂತ ನಕ್ಕರು. ಮೇಷ್ಟ್ರು ನಗಲಿಲ್ಲ. ‘ಎಷ್ಟು ಸೀಸ?’ ಅಂತ ಕೇಳಿದರು. ‘ತಲೆ ಒಂದು ಬೆರಳು ಮಾತ್ರ ಕಾಣೋ ಹಂಗೆ ಸಾ. ಕಮ್ಮಿ ಆದರೆ ಓಲಾಡ್ತದೆ, ಜಾಸ್ತಿ ಆದರೆ ಮುಳುಗ್ತದೆ.’ ಮಾರನೇ ದಿನ ಅವರು ಗಾಜಿನ ಲೋಟ, ಜೋಳದ ಬೆಂಡು, ಒಂದು ಡಬ್ಬಿ ಗುಂಡುಪಿನ್ನು ತಂದು ಮೇಜಿನ ಮೇಲಿಟ್ಟು ನನ್ನ ಕೈಲಿ ಮಾಡಿಸಿದರು. ಒಂದೊಂದೇ ಪಿನ್ನು ಬುಡಕ್ಕೆ ಚುಚ್ಚುತ್ತಾ ಹೋದೆ. ಮಲಗಿದ್ದ ಬೆಂಡು ಮೊದಲು ಓರೆಯಾಯಿತು, ಆಮೇಲೆ ಎದ್ದು ನಿಂತಿತು. ಭಾರದ ಕೇಂದ್ರ ಕೆಳಗಿರಬೇಕು, ನೀರು ಮೇಲಕ್ಕೆ ತಳ್ಳುವ ಬಲದ ಕೇಂದ್ರ ಅದಕ್ಕಿಂತ ಮೇಲಿರಬೇಕು. ಆಗ ಬೆಂಡನ್ನು ಎಷ್ಟು ಸಲ ಓರೆ ಮಾಡಿದರೂ ಮತ್ತೆ ನೆಟ್ಟಗಾಗುತ್ತದೆ.

ಪಬ್ಲಿಕ್ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬೇರೆ ಮಾತಿನಲ್ಲಿ ಬಂದಿತ್ತು. ನಾನು ಸೀಸ, ಬೆಂಡು ಅಂತಲೇ ಬರೆದೆ. ಅಂಕ ಬರಲಿಲ್ಲ. ಆ ವರ್ಷ ನಾನು ಓದಿಯೂ ಇರಲಿಲ್ಲ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಫೇಲಾದ ಮೇಲೆ ಗದ್ದೆ ಕೆಲಸ, ಆಲೆಮನೆ ಕೆಲಸ, ಒಂದು ವರ್ಷ ಮದ್ದೂರಿನ ಹೋಟೆಲಿನಲ್ಲಿ ವಡೆ ತಟ್ಟುವ ಕೆಲಸ. ಆಮೇಲೆ ನೆಂಟರೊಬ್ಬರ ಮೂಲಕ ಹಲಗೂರಿನಾಚೆ ಕಾವೇರಿ ದಡಕ್ಕೆ ಹೋದೆ. ನಮ್ಮ ಶಿಂಷಾ ದೇವರಾಯನದುರ್ಗದ ಕಡೆ ಹುಟ್ಟಿ, ಮಾರ್ಕೋನಹಳ್ಳಿ ದಾಟಿ, ಮದ್ದೂರಿನ ಮೇಲೆ ಬಂದು, ಮಳವಳ್ಳಿ ತಾಲ್ಲೂಕಿನಲ್ಲಿ ಶಿವನಸಮುದ್ರದ ಕೆಳಗೆ ಕಾವೇರಿ ಸೇರುತ್ತದೆ. ಅಲ್ಲಿಂದ ಕೆಳಗೆ ಮುತ್ತತ್ತಿ, ಭೀಮೇಶ್ವರಿ. ಆ ಕಾಲಕ್ಕೆ ಅಲ್ಲಿಗೆ ಬೇರೆ ಬೇರೆ ದೇಶದಿಂದ ಜನ ಗಾಳ ಹಾಕಲು ಬರುತ್ತಿದ್ದರು. ಬರುತ್ತಿದ್ದುದು ಬಿಳಿಮೀನಿಗಾಗಿ, ಅವರ ಬಾಯಲ್ಲಿ ಅದು ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದು ಹಿಡಿದದ್ದು ದಾಖಲೆ. ಅಷ್ಟು ದೊಡ್ಡ ಮೀನಿಗೆ ಅವರು ಏನು ಕಟ್ಟುತ್ತಿದ್ದರು ಗೊತ್ತೆ? ನಮ್ಮ ರಾಗಿ ಹಿಟ್ಟು. ಕಲಸಿ, ಉಂಡೆ ಮಾಡಿ, ಬೇಯಿಸಿ, ಗಾಳಕ್ಕೆ ಮೆತ್ತುವುದು. ಸಾವಿರಾರು ಮೈಲಿಯಿಂದ ವಿಮಾನದಲ್ಲಿ ಬಂದವರಿಗೆ ಮುದ್ದೆ ಕಟ್ಟಿಕೊಡುವುದೇ ನನ್ನ ಮೊದಲ ಕೆಲಸ. ಹಿಡಿದ ಮೀನನ್ನು ತೂಕ ಮಾಡಿ, ಪುಸ್ತಕದಲ್ಲಿ ಬರೆದು, ಮತ್ತೆ ನೀರಿಗೇ ಬಿಡುತ್ತಿದ್ದರು. ಇದನ್ನು ಹೇಳಿದಾಗ ನಮ್ಮಪ್ಪ ಎರಡು ದಿನ ನನ್ನನ್ನು ಅನುಮಾನದಿಂದ ನೋಡಿದರು.

ಒಂದು ಬೇಸಿಗೆಯಲ್ಲಿ ವಯಸ್ಸಾದ ಅತಿಥಿಯೊಬ್ಬರು ಬಂದರು. ಅವರಿಗೆ ದೊಡ್ಡ ಮೀನಿನ ಆಸೆಯೇ ಇರಲಿಲ್ಲ. ಸಂಜೆ ಹೊತ್ತು ಮಡುವಿನ ಅಂಚಿನಲ್ಲಿ ಸಣ್ಣ ಬೆಳ್ಳನೆಯ ಮೀನುಗಳು ನೀರಿನ ಮೇಲಿನ ಹುಳಕ್ಕೆ ಬಾಯಿ ಹಾಕುತ್ತವಲ್ಲ, ಅವನ್ನು ಸಪೂರ ಕೋಲಿನಲ್ಲಿ ಹಿಡಿಯುವುದು ಅವರ ಇಷ್ಟ. ಮೊದಲ ಮಳೆ ಬಿದ್ದ ದಿನ ರೆಕ್ಕೆ ಬಂದ ಗೆದ್ದಲು ಏಳುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಹೊಳೆಗೆ ಬಿದ್ದರೆ ಆ ಮೀನುಗಳಿಗೆ ಹಬ್ಬ. ಅವರ ಡಬ್ಬಿಯ ತುಂಬ ಅಂಥ ಹುಳಗಳೇ, ಆದರೆ ಯಾವುದೂ ನಿಜವಾದ ಹುಳವಲ್ಲ. ಬೆರಳ ಉಗುರಿನಷ್ಟು ಗಾಳಕ್ಕೆ ಹುಂಜದ ಗರಿ, ನೂಲು ಸುತ್ತಿ ಕೈಯಲ್ಲೇ ಕಟ್ಟಿದ ಹುಳ. ಎಸೆದರೆ ನೀರಿನ ಮೇಲೆ ಕಾಲೂರಿ, ರೆಕ್ಕೆ ಎತ್ತಿ ನಿಲ್ಲುತ್ತಿತ್ತು. ಹರಿವಿನಲ್ಲಿ ಬರುವಾಗ ನಮಗೇ ಗುರುತು ಸಿಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಡ್ರೈ ಫ್ಲೈ ಅನ್ನುತ್ತಾರೆ. ಹೋಗುವಾಗ ನನಗೆ ಒಂದು ಕೊಟ್ಟರು. ಅವತ್ತು ರಾತ್ರಿಯೇ ಲಾಟೀನು ಬೆಳಕಿನಲ್ಲಿ ಅದನ್ನು ಬಿಚ್ಚಿ ಹಾಕಿದೆ, ಹೇಗೆ ಕಟ್ಟಿದ್ದಾರೆ ನೋಡೋಣ ಅಂತ. ಬಿಚ್ಚುವುದು ಸುಲಭವಾಯಿತು.

ಸಾಮಾನಿಗೇನೂ ಕೊರತೆಯಿರಲಿಲ್ಲ. ಮನೆಯಲ್ಲಿ ನಾಟಿ ಕೋಳಿ. ನೂಲಿಗೆ ರೇಷ್ಮೆ, ನಾವು ಹುಳು ಮೇಯಿಸಿ ಗೂಡು ರಾಮನಗರಕ್ಕೆ ಹಾಕುತ್ತಿದ್ದವರು, ಅಲ್ಲಿಂದ ನಾಲ್ಕು ಎಳೆ ನೂಲು ಕೇಳಿದರೆ ಯಾರೂ ಇಲ್ಲ ಅನ್ನಲಿಲ್ಲ. ಮೇಣಕ್ಕೆ ಜೇನುಮೇಣ. ನೋಡಲು ಥೇಟ್ ಅವರದರಂತೆಯೇ ಇರುವ ಹುಳ ಕಟ್ಟಿದೆ. ನೀರಿಗೆ ಬಿಟ್ಟೆ. ಪಕ್ಕಕ್ಕೆ ಬಿತ್ತು. ಇನ್ನೊಂದು ಕಟ್ಟಿದೆ. ಅದು ತಲೆಕೆಳಗಾಗಿ, ಗಾಳದ ಕೊಕ್ಕೆ ಆಕಾಶಕ್ಕೆ ಮಾಡಿಕೊಂಡು ತೇಲಿತು. ಮೂರನೆಯದು ಹಾಗೇ ಮುಳುಗಿತು. ಆಗ ನನಗೆ ಒಂಬತ್ತನೇ ಕ್ಲಾಸಿನ ಬೆಂಡು ನೆನಪಾಯಿತು. ನೆಟ್ಟಗೆ ನಿಲ್ಲಬೇಕಾದರೆ ಬುಡಕ್ಕೆ ಭಾರ ಕಟ್ಟಬೇಕು, ನನಗೆ ಗೊತ್ತಿರುವ ವಿಜ್ಞಾನ ಅದೊಂದೇ. ಗಾಳದ ಹೊಟ್ಟೆಗೆ ತೆಳುವಾದ ಸೀಸದ ಎಳೆ ಸುತ್ತಿದೆ. ನೆಟ್ಟಗೆ ನಿಂತಿತು ಅಂದುಕೊಂಡಿರಾ? ನೆಟ್ಟಗೆ ಮುಳುಗಿತು.

ಹದಿನೈದು ದಿನ ಇದೇ ಆಯಿತು. ಕೊನೆಗೆ ಬೆಂಕಿಪೊಟ್ಟಣದಲ್ಲಿ ಆ ಹುಳಗಳನ್ನು ಹಾಕಿಕೊಂಡು ಶಾಲೆಗೆ ಬಂದೆ. ಫೇಲಾದ ಮೇಲೆ ಈ ಗೇಟಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಆರೇಳು ವರ್ಷವಾಗಿತ್ತು. ಮೇಷ್ಟ್ರು ಗುರುತು ಹಿಡಿದರು. ‘ಎಷ್ಟು ಸೀಸ?’ ಅಂದರು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಲ್ಯಾಬಿನ ಮೇಜಿನ ಮೇಲೆ ಊಟದ ತಟ್ಟೆಯಲ್ಲಿ ನೀರು ಹಾಕಿ ಕೂತೆವು. ಅವರು ಮೊದಲು ಮಾಡಿದ್ದು ನನ್ನ ಹುಳದ ಪರೀಕ್ಷೆಯಲ್ಲ. ಒಂದು ಹೊಲಿಗೆ ಸೂಜಿ ತಂದು, ತಲೆಗೂದಲಿನ ಎಣ್ಣೆಗೆ ಎರಡು ಸಲ ಸವರಿ, ತೆಳು ಕಾಗದದ ಚೂರಿನ ಮೇಲಿಟ್ಟು ನೀರಿಗೆ ಬಿಟ್ಟರು. ಕಾಗದ ನೆನೆದು ಕೆಳಗೆ ಹೋಯಿತು. ಸೂಜಿ ಮೇಲೇ ಉಳಿಯಿತು. ಉಕ್ಕು ನೀರಿಗಿಂತ ಏಳೆಂಟು ಪಾಲು ಭಾರ. ಆರ್ಕಿಮಿಡೀಸನ ಲೆಕ್ಕದಲ್ಲಿ ಅದು ಮುಳುಗಲೇಬೇಕು. ಬಗ್ಗಿ ಓರೆಯಿಂದ ನೋಡು ಅಂದರು. ಸೂಜಿಯ ಕೆಳಗೆ ನೀರು ಹಾಸಿಗೆಯ ಹಾಗೆ ತಗ್ಗಾಗಿತ್ತು. ‘ನೋಡಪ್ಪ, ನಿನ್ನ ಬೆಂಡು ನೀರಿನ ಒಳಗೆ ತೇಲುತ್ತೆ. ಇದು ತೇಲ್ತಾ ಇಲ್ಲ. ನೀರಿನ ಮೇಲೆ ನಿಂತಿದೆ. ಎರಡಕ್ಕೂ ಒಂದೇ ಲೆಕ್ಕ ಹಾಕಿದ್ದೀಯ’ ಅಂದರು.

ಅದನ್ನು ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ದೊಡ್ಡವರು ಬೇಕಾದರೆ ಎಲೆ ಅಡಿಕೆ ಹಾಕಿಕೊಳ್ಳಿ. ನೀರಿನ ಮೇಲ್ಮೈಗೆ ಒಂದು ಬಿಗಿ ಇದೆ, ಪುಸ್ತಕದಲ್ಲಿ ಮೇಲ್ಮೈ ಎಳೆತ ಅನ್ನುತ್ತಾರೆ. ಅದರ ಶಕ್ತಿ ತುಂಬ ಕಡಿಮೆ. ಒಂದು ಸೆಂಟಿಮೀಟರ್ ಉದ್ದದ ಅಂಚು ಹೊರಬಲ್ಲದ್ದು ಹೆಚ್ಚೆಂದರೆ 70 ಮಿಲಿಗ್ರಾಮಿನ ಆಸುಪಾಸು, ನಾಲ್ಕೈದು ಅಕ್ಕಿ ಕಾಳಿನಷ್ಟೂ ಇಲ್ಲ. ಆದ್ದರಿಂದ ಭಾರವನ್ನು ಒಂದೇ ಕಡೆ ಊರಿದರೆ ಕಿತ್ತುಕೊಂಡು ಒಳಗೆ ಹೋಗುತ್ತದೆ. ಹಲವು ಕಡೆ ಹರಡಿದರೆ ಹೊರುತ್ತದೆ. ಕಾಲುವೆಯ ನಿಂತ ನೀರಿನ ಮೇಲೆ ಸರಸರ ಓಡಾಡುವ ಉದ್ದ ಕಾಲಿನ ಹುಳ ನೋಡಿದ್ದೀರಲ್ಲ, ಅದು ಕಾಲನ್ನು ಎಷ್ಟು ಅಗಲಕ್ಕೆ ಚಾಚಿಕೊಂಡಿರುತ್ತದೆ! ಕಟ್ಟಿದ ಹುಳದಲ್ಲಿ ಆ ಕಾಲಿನ ಕೆಲಸ ಮಾಡುವುದು ಗರಿಯ ಎಳೆಗಳು. ಗಾಳದ ತಲೆಯ ಹತ್ತಿರ ಗರಿಯನ್ನು ಸುತ್ತಿದಾಗ ಎಳೆಗಳು ಸುತ್ತಲೂ ಚಕ್ರದ ಕಡ್ಡಿಗಳಂತೆ ಏಳುತ್ತವೆ. ಹಿಂದೆ ಬಾಲದ ಎಳೆಗಳು ಇನ್ನೊಂದು ಆಸರೆ. ಮುಂದೆ ಈ ಎಳೆ, ಹಿಂದೆ ಬಾಲ, ನಡುವೆ ಕೊಕ್ಕೆ ನೀರಿಗೆ ತಾಗಿಯೂ ತಾಗದ ಹಾಗೆ. ಸೀಸ ಕಟ್ಟಿದರೆ ಆಸರೆಗೇ ಭಾರ, ಅಷ್ಟೆ.

ಆಮೇಲೆ ನನ್ನ ಹುಳಗಳನ್ನು ಒಂದೊಂದಾಗಿ ತಟ್ಟೆಗೆ ಬಿಟ್ಟೆವು. ಕೈಯಲ್ಲಿ ಇಡುವುದಲ್ಲ, ಒಂದು ಮೊಳ ಎತ್ತರದಿಂದ ಬೀಳಿಸುವುದು, ಹತ್ತು ಸಲ, ಎಷ್ಟು ಸಲ ನೆಟ್ಟಗೆ ಕೂತಿತು ಅಂತ ಬರೆದುಕೊಳ್ಳುವುದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಎರಡನ್ನು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಗೊತ್ತಾಗುವುದಿಲ್ಲ ಅಂತ ಮೇಷ್ಟ್ರು ಕಟ್ಟುನಿಟ್ಟು ಮಾಡಿದರು. ಮೂರು ನಾಲ್ಕು ಸಂಜೆ ಹಿಡಿಯಿತು.

ಮೊದಲ ತಪ್ಪು ಗರಿಯದು. ನಾನು ಕೈಗೆ ಸಿಕ್ಕಿದ ಹೇಟೆಯ ಗರಿ ಸುತ್ತಿದ್ದೆ. ಅದು ಮೆತ್ತಗೆ, ನೀರು ಕುಡಿದು ಮುದುಡಿಕೊಳ್ಳುತ್ತದೆ. ಬೇಕಾದ್ದು ಬಲಿತ ಹುಂಜದ ಕುತ್ತಿಗೆಯ ಗರಿ, ಹೊಳಪಿರುವುದು, ಬಗ್ಗಿಸಿದರೆ ಪುಟಿಯುವುದು. ಎಳೆಯ ಉದ್ದ ಗಾಳದ ಬಾಯಿಯ ಅಗಲದ ಒಂದೂವರೆ ಪಾಲು ಇದ್ದರೆ ಸರಿ. ಅದಕ್ಕಿಂತ ಉದ್ದವಾದರೆ ತಾನೇ ಬಾಗುತ್ತದೆ, ಗಿಡ್ಡವಾದರೆ ಕೊಕ್ಕೆ ಮುಳುಗುತ್ತದೆ.

ಎರಡನೆಯದು ರೆಕ್ಕೆ. ಚೆಂದ ಕಾಣಲಿ ಅಂತ ಎತ್ತರದ, ದಪ್ಪ ರೆಕ್ಕೆ ಇಟ್ಟಿದ್ದೆ. ಮೇಲುಭಾರವಾದ ಕಬ್ಬಿನ ಗಾಡಿ ತಿರುವಿನಲ್ಲಿ ಏನಾಗುತ್ತದೆ ಅಂತ ಮಂಡ್ಯ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಅದಕ್ಕೂ ಮಿಗಿಲಾಗಿ ನನ್ನ ಎರಡು ರೆಕ್ಕೆಗಳು ಒಂದೇ ಸಮ ಇರಲಿಲ್ಲ. ಗಾಳಿಯಲ್ಲಿ ಬೀಳುವಾಗಲೇ ಹುಳ ಗಿರಗಿರ ತಿರುಗುತ್ತಿತ್ತು. ರೆಕ್ಕೆ ಅರ್ಧ ಮಾಡಿ, ಸಮ ಮಾಡಿದ ಮೇಲೆ ಷಟಲ್ ಕಾಕಿನ ಹಾಗೆ ಗರಿ ಮೇಲೆ ಮಾಡಿಕೊಂಡೇ ಇಳಿಯತೊಡಗಿತು.

ಇಷ್ಟಾದರೂ ಹತ್ತರಲ್ಲಿ ಐದಾರು ಸಲ ಪಕ್ಕಕ್ಕೆ ಉರುಳುತ್ತಿತ್ತು. ಇದರಲ್ಲೇ ನಾವು ಹೆಚ್ಚು ಒದ್ದಾಡಿದ್ದು. ಕಾರಣ ಹೊಳೆದದ್ದು ಮೇಷ್ಟ್ರಿಗಲ್ಲ, ನನಗೆ. ಅವತ್ತು ನನ್ನ ಸೈಕಲ್ಲನ್ನು ಸ್ಟ್ಯಾಂಡ್ ಹಾಕದೆ ಗೋಡೆಗೆ ಒರಗಿಸಿದ್ದೆ, ಅದು ದಡಾರನೆ ಬಿತ್ತು. ಚಕ್ರ ದುಂಡಗಿರುವ ತನಕ ಅದು ಒಂದೇ ಬಿಂದುವಿನ ಮೇಲೆ ನಿಲ್ಲುತ್ತದೆ. ಗರಿಯ ಸುತ್ತೂ ಚಕ್ರವೇ. ಕತ್ತರಿ ತೆಗೆದುಕೊಂಡು ಚಕ್ರದ ಕೆಳಭಾಗದ ಎಳೆಗಳನ್ನು ತಲೆಕೆಳಗಾದ ವಿ ಅಕ್ಷರದ ಹಾಗೆ ಕತ್ತರಿಸಿದೆ. ಈಗ ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಕಾಲು. ಬಾಲವನ್ನೂ ಹಾಗೇ ಮಾಡಿದೆ. ಗಾಳದ ಕೊನೆಯಲ್ಲಿ ನೂಲಿನದೊಂದು ಸಣ್ಣ ಗಂಟು ಹಾಕಿ, ಎಳೆಗಳನ್ನು ಗಂಟಿನ ಆ ಕಡೆ ಈ ಕಡೆ ಕವಲೊಡೆಸಿ ಕಟ್ಟಿದೆ. ಬೀಳಿಸಿದರೆ ಹತ್ತಕ್ಕೆ ಒಂಬತ್ತು ಸಲ ನೆಟ್ಟಗೆ ಕೂತಿತು. ಮೇಷ್ಟ್ರು ಅವತ್ತು ಪುಸ್ತಕ ಮುಚ್ಚಿ, ತಟ್ಟೆಯ ನೀರನ್ನು ಕ್ರೋಟನ್ ಗಿಡಕ್ಕೆ ಚೆಲ್ಲಿ, ‘ನಿನಗೆ 35 ಕೊಟ್ಟಿದ್ದೀನಿ ಹೋಗು’ ಅಂದರು.

ಇದನ್ನೆಲ್ಲ ಬೇರೆ ದೇಶದ ಕುಶಲಿಗಳು ನಮಗಿಂತ ಬಹಳ ಹಿಂದೆಯೇ ಕಂಡುಕೊಂಡಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಗರಿಯನ್ನು ನಿಲುವಾಗಿ ಸುತ್ತುವ ಬದಲು ರೆಕ್ಕೆಯ ಬುಡಕ್ಕೆ ಕೊಡೆಯ ಹಾಗೆ ಅಡ್ಡಡ್ಡ ಸುತ್ತುವ ರೀತಿಯೂ ಇದೆ, ಅದು ಇನ್ನೂ ನಂಬಿಕಸ್ತ. ಆದರೂ ಅದನ್ನು ಪುಸ್ತಕದಲ್ಲಿ ಓದಿದ್ದರೆ ಇಷ್ಟು ಗಟ್ಟಿಯಾಗಿ ನನಗೆ ನೆನಪಿರುತ್ತಿರಲಿಲ್ಲ.

ಇದು ಪರದೇಶದವರ ಶೋಕಿ ಅಂತ ಯಾರಾದರೂ ಅಂದುಕೊಂಡರೆ ಒಂದು ಮಾತು. ಗಾಳಕ್ಕೆ ಕೆಂಪು ಉಣ್ಣೆ, ಹುಂಜದ ಗರಿ ಕಟ್ಟಿ ಮೀನು ಹಿಡಿಯುವುದನ್ನು ಈಲಿಯನ್ ಎಂಬ ರೋಮಿನ ಬರಹಗಾರ ಸುಮಾರು 1800 ವರ್ಷಗಳ ಹಿಂದೆ ಬರೆದಿದ್ದಾನೆ, ಮ್ಯಾಸಿಡೋನಿಯಾದ ಜನ ಹಾಗೆ ಮಾಡುತ್ತಾರೆ ಅಂತ. ನಮ್ಮ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಅಂತಲೇ ಒಂದು ಭಾಗ ಇದೆ; ಯಾವ ಮೀನಿಗೆ ಯಾವ ಆಹಾರ, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಲ್ಲ ಹೇಳುತ್ತಾನೆ. ಇಂಡಿಯಾದಲ್ಲಿ ಗಾಳ ಹಾಕುವ ಬಗ್ಗೆ ಇಂಗ್ಲಿಷರು ಬಹಳ ಕಾಲ ಕೈಪಿಡಿಯಾಗಿ ಇಟ್ಟುಕೊಂಡಿದ್ದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಬರೆದ ಎಚ್. ಎಸ್. ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದವರು. ದೊರೆ ಹಿಡಿದರೆ ವಿನೋದ, ಕಲೆಕ್ಟರ್ ಹಿಡಿದರೆ ಪುಸ್ತಕ, ನಾವು ಹಿಡಿದರೆ ಅಡ್ಡಹೆಸರು.

ಆಮೇಲೆ ನನ್ನ ಹುಳಗಳಿಗೆ ಅತಿಥಿಗಳಲ್ಲಿ ಒಂದಿಷ್ಟು ಹೆಸರು ಬಂತು. ಕಟಾವಾದ ಗದ್ದೆಗೆ ಬಾತುಕೋಳಿ ಹಿಂಡು ಬರುತ್ತದಲ್ಲ, ಅದರ ಬಾಲದ ಬುಡದ ಎಣ್ಣೆಗ್ರಂಥಿಯ ಸುತ್ತಲಿನ ಪುಕ್ಕ ನೀರಿಗೆ ಸುಲಭವಾಗಿ ನೆನೆಯುವುದಿಲ್ಲ ಅಂತ ಕಲಿತೆ. ಹಿಂಡು ಮೇಯಿಸುವವರ ಹತ್ತಿರ ಬೀಡಿ ಕೊಟ್ಟು ಪುಕ್ಕ ತರುತ್ತಿದ್ದೆ.

ಒಂದು ದಿನ ಮಾತ್ರ ಮಾನ ಹೋಯಿತು. ಅತಿಥಿಗೆ ಡಬ್ಬಿ ತುಂಬ ಹುಳ ಕೊಟ್ಟು, ಒಂದಾದರೂ ಬಿದ್ದರೆ ಕೇಳಿ ಅಂದಿದ್ದೆ. ಹಾಕಿದ್ದೆಲ್ಲ ಮುಳುಗಿತು. ಅದೇ ಗರಿ, ಅದೇ ನೂಲು. ಅವರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು. ರಾತ್ರಿ ಪೂರ್ತಿ ಯೋಚಿಸಿದೆ. ಮಧ್ಯಾಹ್ನ ಊಟ ಆದಮೇಲೆ ಮೀನಿನ ವಾಸನೆ ಹೋಗಲಿ ಅಂತ ಸೋಪಿನಲ್ಲಿ ಕೈ ತೊಳೆದು, ಸರಿಯಾಗಿ ಜಾಲಿಸದೆ, ಹುಳಗಳಿಗೆ ಮೇಣ ಸವರಿದ್ದೆ. ಸೋಪು ನೀರಿನ ಬಿಗಿಯನ್ನೇ ಸಡಿಲ ಮಾಡುತ್ತದೆ, ಗರಿ ನೀರನ್ನು ದೂರ ಇಡುವುದನ್ನೂ ಕೆಡಿಸುತ್ತದೆ. ಸೂಜಿ ನಿಂತಿರುವ ತಟ್ಟೆಗೆ ಒಂದು ತೊಟ್ಟು ಸೋಪಿನ ನೀರು ಬಿಡಿ, ತಟಕ್ಕನೆ ತಳ ಸೇರುತ್ತದೆ. ಊರಿಗೆ ಬಂದಾಗ ಶಿಂಷಾದಲ್ಲೂ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನಿಂತ ನೀರಿನಲ್ಲಿ ನನ್ನ ಹುಳ ನಿಲ್ಲಲಿಲ್ಲ. ನೂರು ಮಾರು ಮೇಲೆ ಹೋಗಿ ಬಿಟ್ಟರೆ ನಿಂತಿತು. ಆ ಕಲ್ಲಿನ ಹತ್ತಿರ ನೀರಿನ ಮೇಲೆ ಓಡಾಡುವ ಹುಳಗಳೂ ಇರಲಿಲ್ಲ. ಬಟ್ಟೆ ಒಗೆಯುವ ತಾಯಂದಿರನ್ನು ದೂರುತ್ತಿಲ್ಲ, ನಮ್ಮ ಬಟ್ಟೆಯೂ ಅದೇ ಕಲ್ಲಿನಲ್ಲೇ ಒಗೆದದ್ದು. ಈಗ ಆ ಕಲ್ಲು ಖಾಲಿ, ಎಲ್ಲರ ಮನೆಯಲ್ಲೂ ಮಿಷಿನ್ನು. ಆದರೆ ಮಿಷಿನ್ನಿನ ನೀರು, ಬಚ್ಚಲ ನೀರು ಚರಂಡಿಯಲ್ಲಿ ಹರಿದು ಎಲ್ಲಿಗೆ ಸೇರುತ್ತಿದೆ ಅಂತ ಒಂದು ಸಲ ಅದರ ಜೊತೆಗೇ ನಡೆದುಕೊಂಡು ಹೋಗಿ ನೋಡಿ. ನಾನು ನೋಡಿ ಬಂದಿದ್ದೇನೆ.

ಕಾವೇರಿಯ ಕೆಲಸ ಈಗಿಲ್ಲ. ಅದು ಅಭಯಾರಣ್ಯ; 2012ರ ಹೊತ್ತಿಗೆ ಅಲ್ಲಿ ಗಾಳ ಹಾಕುವುದು ಪೂರ್ತಿ ನಿಂತಿತು. ಕಾನೂನು ಸರಿ ಅಂತಲೇ ಅನ್ನುತ್ತೇನೆ, ಆದರೆ ಹಗಲೆಲ್ಲ ದಡದಲ್ಲಿ ನಾವು ಇದ್ದಾಗ ಮದ್ದುಗುಂಡು ಹಾಕಿ ಮೀನು ಕೊಲ್ಲುವವರು ಹತ್ತಿರ ಬರಲು ಹೆದರುತ್ತಿದ್ದರು ಅನ್ನುವುದೂ ಸುಳ್ಳಲ್ಲ. ಮೀನು ತೂಕ ಮಾಡಿ ಬರೆಯುತ್ತಿದ್ದರು ಅಂದೆನಲ್ಲ, ಅಂಥ ಪುಸ್ತಕದಿಂದ ಮುಂದೆ ದೊಡ್ಡ ಉಪಯೋಗವಾಯಿತು. ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರ ತನಕ ಹಿಡಿದು ಬಿಟ್ಟ ಮೀನುಗಳ ಲೆಕ್ಕ ಹಿಡಿದು ನೋಡಿದ ವಿಜ್ಞಾನಿಗಳು, ಕಾವೇರಿಯ ಸ್ವಂತದ, ಬೆನ್ನು ಉಬ್ಬಿದ ದೊಡ್ಡ ಮಹಶೀರ್ ಹೆಚ್ಚು ಕಡಿಮೆ ಕಾಣೆಯಾಗುತ್ತಿದೆ, ಹೊರಗಿನಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಹೆಚ್ಚುತ್ತಿದೆ ಅಂತ ತೋರಿಸಿದರು. 2018ರಲ್ಲಿ ಆ ಉಬ್ಬು ಬೆನ್ನಿನ ಮೀನಿಗೆ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಈಗ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿ ಕಟ್ಟಕಡೆಯ ಮೆಟ್ಟಿಲಲ್ಲಿದೆ. ನಾನಿದ್ದ ಕಡೆಯ ಪುಸ್ತಕ ಎಲ್ಲಿ ಹೋಯಿತೋ. ಅದರಲ್ಲಿ ನನ್ನ ಕೈಬರಹದ ಪುಟಗಳೂ ಇದ್ದವು, ದಿನಾಂಕ, ತೂಕ, ನೀರಿನ ಮಟ್ಟ. ಒಂದು ಸಲಕ್ಕೆ ಒಂದನ್ನೇ ನೋಡು, ನೋಡಿದ್ದನ್ನು ಬರೆದಿಡು ಅಂತ ಕಲಿಸಿದವರು ಯಾರು ಅಂತ ನಿಮಗೆ ಗೊತ್ತಾಯಿತಲ್ಲ.

ಮೇಷ್ಟ್ರು ನಿವೃತ್ತರಾಗಿ ಊರು ಬಿಟ್ಟ ಮೇಲೆ ಎರಡು ಸಲ ಹೋಗಿ ನೋಡಿಕೊಂಡು ಬಂದೆ. ಕೊನೆಯ ಸಲ ಹೋದಾಗ ಕಣ್ಣು ಮಂಜಾಗಿತ್ತು. ನಾನು ಕಟ್ಟಿದ ಹುಳವೊಂದನ್ನು ಅಂಗೈಯಲ್ಲಿಟ್ಟೆ. ಬೆರಳಿನಲ್ಲಿ ಮುಟ್ಟಿ, ಕೆಳಗಿನ ಎಳೆ ಕತ್ತರಿಸಿದೆಯೋ ಇಲ್ಲವೋ ಅಂತ ತಡವಿ ನೋಡಿದರು. ಈಗ ಅವರಿಲ್ಲ.

ಸಮಿತಿಯವರು ಚೀಟಿ ಕೊಟ್ಟಿದ್ದಾರೆ, ಹೊತ್ತಾಯಿತಂತೆ. ಮಕ್ಕಳೇ, ಊಟ ಆದ ಮೇಲೆ ಲ್ಯಾಬಿಗೆ ಬನ್ನಿ. ಹೆಡ್ಮಾಸ್ಟರು ಬೀಗ ತೆಗೆಸಿದ್ದಾರೆ. ಹುಂಜದ ಗರಿ, ರೇಷ್ಮೆ ನೂಲು, ಮೇಣ ತಂದಿದ್ದೇನೆ. ಗಾಳದ ಮೊನೆಯನ್ನೆಲ್ಲ ಕತ್ತರಿಸಿದ್ದೇನೆ, ಯಾರಿಗೂ ಚುಚ್ಚುವುದಿಲ್ಲ. ಮೇಷ್ಟ್ರು ಇಟ್ಟುಕೊಂಡಿದ್ದ ಲೆಕ್ಕದ ಪುಸ್ತಕವನ್ನು ಅವರ ಮಗಳು ಕೊಟ್ಟಿದ್ದಾರೆ, ಅದರಲ್ಲಿ ಖಾಲಿ ಪುಟ ಇನ್ನೂ ಇವೆ. ಹತ್ತು ಸಲ ಬೀಳಿಸಿ, ಬರೆಯಿರಿ. ತಟ್ಟೆಗಳನ್ನು ಬರಿ ನೀರಿನಲ್ಲಿ ತೊಳೆಯಿರಿ, ಸೋಪು ಹಾಕಬೇಡಿ ಅಂತ ಅಡುಗೆಯವರಿಗೆ ಬೆಳಗ್ಗೆಯೇ ಹೇಳಿದ್ದೇನೆ.